ಕಡಲು ಸುಮ್ಮನಿರುವ ಜಾಗದಲ್ಲೇ ಹುಷಾರು

ಓದುಗರ ಪ್ರಶ್ನೆ, ನಮ್ಮ ಉತ್ತರ

ದಸರಾ ರಜೆ ಹತ್ತಿರ ಬಂತೆಂದರೆ ಬೆಂಗಳೂರಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಕರಾವಳಿಯ ಕಡೆ ಮುಖ ಮಾಡಿರುತ್ತವೆ. ಈ ಸಲ ಹೆಚ್ಚಿನವರು ಕೇಳಿರುವುದು ಅಂಗಡಿ, ಒಂಟೆ ಸವಾರಿ, ಬೋಟಿನ ಗದ್ದಲ ಇಲ್ಲದ ತೆರೆದ ಕಡಲಿನ ಬಗ್ಗೆ. ಹಿಂದೆ ಮರಳು ದಿಬ್ಬ ಇರಬೇಕು, ಮುಂದೆ ಒಂದರ ಹಿಂದೊಂದು ಒಡೆಯುವ ಅಲೆ ಇರಬೇಕು. ಮೀನೂಟ ಎಲ್ಲಿ ಚೆನ್ನ ಎಂದು ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಜನಜಂಗುಳಿಯಿಲ್ಲದ, ದೊಡ್ಡ ಅಲೆಯ ಬೀಚ್ ನೋಡಬೇಕೆಂಬ ಆಸೆ. ದಸರಾ ಹೊತ್ತಿಗೆ ಮಳೆಗಾಲ ಮುಗಿದಿರುತ್ತದಲ್ಲ, ಮಕ್ಕಳನ್ನು ನೀರಿಗಿಳಿಸಬಹುದೇ? ಎಲ್ಲಿಗೆ ಹೋಗೋಣ? — ರಾಜಾಜಿನಗರದ ಓದುಗರು

ನೋಡುವ ಕಡಲು ಬೇರೆ, ಇಳಿಯುವ ಕಡಲು ಬೇರೆ. ಎರಡನ್ನೂ ಒಂದೇ ಜಾಗದಲ್ಲಿ ಮುಗಿಸಲು ಹೋದಾಗಲೇ ಎಡವಟ್ಟು.

ನೋಡುವುದಕ್ಕೆ ಮುಲ್ಕಿ ಬಳಿಯ ಸಸಿಹಿತ್ಲು, ಉಡುಪಿ ಕಡೆಯ ಕೋಡಿ ಬೆಂಗ್ರೆ, ಕುಂದಾಪುರ ದಾಟಿದ ಮೇಲೆ ಮರವಂತೆ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುತ್ತವೆ. ನದಿಗೂ ಕಡಲಿಗೂ ನಡುವೆ ಕೋಡಿನಂತೆ ಚಾಚಿದ ಮರಳಿನ ಮೇಲೆಯೇ ದಿಬ್ಬಗಳನ್ನು ನೋಡಬೇಕು. ಆದರೆ ಅಳಿವೆಯ ಬಾಯಲ್ಲಿ ನೀರಿಗಿಳಿಯುವಂತಿಲ್ಲ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲಿನ ನೀರೂ ಸೇರಿ ಹೊರಕ್ಕೆ ನುಗ್ಗುತ್ತವೆ. ಎಂಥ ಈಜುಗಾರನಿಗೂ ಅದು ಆಗಿಬರುವುದಿಲ್ಲ.

ಮಕ್ಕಳನ್ನು ಇಳಿಸಲು ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡು ಆರಿಸಿಕೊಳ್ಳಿ. 2020ರಲ್ಲಿ ದೇಶದ ಮೊದಲ ಎಂಟು ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಬೀಚುಗಳ ಪಟ್ಟಿಯಲ್ಲಿ ಬಂದವು ಇವು. ಸ್ನಾನದ ಜಾಗಕ್ಕೆ ಗುರುತು, ಜೀವರಕ್ಷಕರು ಅಥವಾ ಜೀವರಕ್ಷಣೆಯ ಸಲಕರಣೆ, ಶೌಚಾಲಯ ಇರಬೇಕೆಂಬುದು ಆ ಮಾನ್ಯತೆಯ ಷರತ್ತು. ಜೀವರಕ್ಷಕರು ಕಣ್ಣಿಗೆ ಕಾಣದಿದ್ದರೆ ಅಂದು ಅದೂ ಉಳಿದ ಬೀಚುಗಳಂತೆಯೇ ಎಂದು ತಿಳಿಯಿರಿ.

ಅಕ್ಟೋಬರ್ ಮೊದಲ ವಾರದಲ್ಲಿ ಮಳೆ ನಿಂತಿರಬಹುದು, ದಡ ಮಾತ್ರ ಇನ್ನೂ ಮಳೆಗಾಲದ ದಡವೇ. ಜೂನ್‌ನಿಂದ ಆಗಸ್ಟ್‌ವರೆಗಿನ ಅಲೆಗಳು ದಡದ ಮರಳನ್ನು ಕೆರೆದು ಒಳಗೆ ಒಯ್ದಿರುತ್ತವೆ. ಹೀಗಾಗಿ ದಡ ಕಡಿದಾಗಿ, ಒಂದು ಹೆಜ್ಜೆಗೆ ಮೊಣಕಾಲು ಮುಳುಗಿದರೆ ಮೂರನೆಯದಕ್ಕೆ ಎದೆ ಮುಳುಗುತ್ತದೆ. ಆ ಮರಳು ನಿಧಾನವಾಗಿ ಮರಳಿ ಬಂದು ದಡ ಮತ್ತೆ ಅಗಲವಾಗಲು ವಾರಗಟ್ಟಲೆ ಬೇಕು. ನಿಮಗೆ ಪುರುಸೊತ್ತಿದ್ದರೆ ಡಿಸೆಂಬರ್, ಜನವರಿ ಒಳ್ಳೆಯದು. ಆಗಲೂ ಮೈಮರೆಯುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ನೆನಪಿರಲಿ.

ರಾತ್ರಿ ಘಾಟಿಯಲ್ಲಿ ಕಾರು ಓಡಿಸಿ, ನಿದ್ದೆಗೆಟ್ಟು, ಬೆಳಿಗ್ಗೆ ನೇರ ನೀರಿಗೆ ಓಡುವವರೇ ಹೆಚ್ಚು. ಅದರ ಬದಲು ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದು.

ಪ್ರಶ್ನೆ: ನಾನು ವಾರಕ್ಕೆ ನಾಲ್ಕು ದಿನ ಈಜುತ್ತೇನೆ. 25 ಮೀಟರ್ ಕೊಳದಲ್ಲಿ 20 ಸುತ್ತು, ಹದಿನೈದು ನಿಮಿಷ. ನನಗೂ ಕಡಲು ಅಪಾಯವೇ? — ಜಯನಗರದ ಓದುಗರು

ಲೆಕ್ಕವನ್ನು ನೀವೇ ಕೊಟ್ಟಿದ್ದೀರಿ. 500 ಮೀಟರಿಗೆ 900 ಸೆಕೆಂಡು ಎಂದರೆ ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ದಡದಿಂದ ಹೊರಕ್ಕೆ ನುಗ್ಗುವ ನೀರಿನ, ಅಂದರೆ ಸೆಳೆತದ, ಸಾಧಾರಣ ವೇಗವೂ ಅಷ್ಟೇ. ಅದರ ಎದುರು ನೀವು ಜೀವ ಬಿಟ್ಟು ಈಜಿದರೂ ಇದ್ದಲ್ಲೇ ಇರುತ್ತೀರಿ, ಹತ್ತು ನಿಮಿಷದಲ್ಲಿ ಸುಸ್ತಾಗುತ್ತೀರಿ. ಸೆಳೆತ ಜೋರಾದಾಗ ಸೆಕೆಂಡಿಗೆ ಎರಡು ಮೀಟರ್ ಮುಟ್ಟುತ್ತದೆ. ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಈಜುವವರ ವೇಗ ಅದು.

ಪತ್ರಿಕೆಗಳು ‘ಸುಳಿಗೆ ಸಿಲುಕಿ ಸಾವು’ ಎಂದು ಬರೆದೂ ಬರೆದೂ ಕಡಲು ಕಾಲು ಹಿಡಿದು ಕೆಳಕ್ಕೆ ಎಳೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಬೇಕಲ್ಲ. ನೀರಿನಡಿಯ ಮರಳ ಏರಿಯಲ್ಲಿ ಎಲ್ಲಿ ಕಿಂಡಿ ಇದೆಯೋ ಅಲ್ಲಿ ತೂಬು ತೆಗೆದ ಕೆರೆಯ ಹಾಗೆ ನುಗ್ಗುತ್ತದೆ. ಕಿಂಡಿಯಿದ್ದಲ್ಲಿ ಆಳ ಹೆಚ್ಚು, ಆಳ ಹೆಚ್ಚಿದ್ದಲ್ಲಿ ಅಲೆ ಒಡೆಯುವುದಿಲ್ಲ, ಅಲೆ ಒಡೆಯದ ಜಾಗ ನೋಡಲು ಶಾಂತ. ಹೊಸಬರು ‘ಇಲ್ಲಿ ಅಲೆ ಕಡಿಮೆ, ಮಕ್ಕಳಿಗೆ ಒಳ್ಳೆಯದು’ ಎಂದು ಸೀದಾ ಅಲ್ಲಿಗೇ ಹೋಗುತ್ತಾರೆ.

ಇದನ್ನು ಗುರುತಿಸಲು ದಿಬ್ಬವೇ ಸಹಾಯಕ್ಕೆ ಬರುತ್ತದೆ. ನೀರಿನ ಮಟ್ಟದಲ್ಲಿ ನಿಂತರೆ ಏನೂ ತಿಳಿಯದು. ದಿಬ್ಬ ಹಾಯುವ ಕಾಲುದಾರಿಯ ನೆತ್ತಿಯಲ್ಲಿ ನಿಂತು ಹತ್ತು ಹದಿನೈದು ನಿಮಿಷ ಸುಮ್ಮನೆ ನೋಡಿ. ಎರಡು ಬದಿಯಲ್ಲಿ ಬಿಳಿ ನೊರೆ, ನಡುವೆ ಹತ್ತಿಪ್ಪತ್ತು ಮೀಟರ್ ಅಗಲದ ಕಡುಬಣ್ಣದ ಪಟ್ಟಿ ಕಂಡರೆ ಅದೇ ಸೆಳೆತದ ದಾರಿ. ಕೆಲವೊಮ್ಮೆ ಆ ಪಟ್ಟಿಯಲ್ಲಿ ಮರಳು ಕದಡಿ ಚಹಾದ ಬಣ್ಣವಿರುತ್ತದೆ, ನೊರೆಯೂ ಕಸವೂ ಹೊರಮುಖವಾಗಿ ತೇಲುತ್ತಿರುತ್ತವೆ. ಅನುಮಾನವಿದ್ದರೆ ಒಣಗಿದ ತೆಂಗಿನ ಸಿಪ್ಪೆಯೊಂದನ್ನು ಎಸೆದು ಎತ್ತ ಹೋಗುತ್ತದೆಂದು ನೋಡಿ. ಬಂಡೆಗಳ ಪಕ್ಕ, ಕಡಲ್ಕೊರೆತಕ್ಕೆಂದು ಹಾಕಿದ ಕಲ್ಲಿನ ಸಾಲಿನ ಪಕ್ಕ ಸೆಳೆತ ಇದ್ದೇ ಇರುತ್ತದೆ ಎಂದುಕೊಳ್ಳಿ.

ಸಿಕ್ಕಿಬಿದ್ದರೆ ಮೊದಲ ಕೆಲಸ ಈಜುವುದಲ್ಲ, ತೇಲುವುದು. ಮಲಗಿದಂತೆ ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಒಂದು ಕೈ ಎತ್ತಿ ಬೀಸಿ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸೆಳೆತದ ಕಸುವು ಸಾಮಾನ್ಯವಾಗಿ ಇಳಿಯುತ್ತದೆ. ಆಮೇಲೆ ದಡಕ್ಕೆ ಸಮಾನಾಂತರವಾಗಿ, ಬಿಳಿ ನೊರೆ ಇರುವ ಕಡೆಗೆ ಈಜಿ. ಒಂದು ದಿಕ್ಕಿನಲ್ಲಿ ಈಜುವಾಗ ನೀರು ಎದುರಾಗಿ ತಳ್ಳಿದರೆ ಹಟ ಬೇಡ, ಇನ್ನೊಂದು ದಿಕ್ಕಿಗೆ ತಿರುಗಿ. ನೊರೆ ಇದ್ದಲ್ಲಿ ನೆಲ ಮೇಲಿರುತ್ತದೆ, ಅಲೆಗಳೂ ನಿಮ್ಮನ್ನು ಒಳಕ್ಕೆ ದೂಡುತ್ತವೆ.

ಹೊಟ್ಟೆಗೆ ಒಂದು ಬಿಯರ್ ಬಿದ್ದಿದ್ದರೆ ಈ ಪುಟದಲ್ಲಿ ಓದಿದ್ದು ಯಾವುದೂ ನೆನಪಾಗುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ಫೋನಿನಲ್ಲಿ ನೋಡಿದರೆ ಬಿಸಿಲು, ಗಾಳಿಯೂ ಇಲ್ಲ. ಆದರೂ ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಕೊಡುತ್ತಾರೆ. ಸುಮ್ಮನೆ ಹೆದರಿಸುತ್ತಾರೋ? — ವೈಟ್‌ಫೀಲ್ಡ್‌ನ ಓದುಗರು

ಹವಾಮಾನದ ಆಪ್ ಹೇಳುವುದು ನೀವು ನಿಂತ ಜಾಗದ ಆಕಾಶದ ಸುದ್ದಿ. ಅಲೆ ಹುಟ್ಟುವುದು ಬೇರೆಲ್ಲೋ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆ ಏಳೆಂಟು ಸಾವಿರ ಕಿಲೋಮೀಟರ್ ದಾಟಿ, ಸುಮಾರು ಒಂದು ವಾರದ ಮೇಲೆ ನಮ್ಮ ದಡಕ್ಕೆ ಬರುತ್ತದೆ. ಕೇರಳದ ಮೀನುಗಾರರು ಇದನ್ನು ಕರೆಯುವುದು ‘ಕಳ್ಳಕ್ಕಡಲ್’ ಎಂದು. ನಮಗೂ ಅರ್ಥ ಹೇಳಿಕೊಡಬೇಕಿಲ್ಲ, ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. ಅರಬ್ಬೀ ಸಮುದ್ರದ ಚಂಡಮಾರುತವೂ ಹೀಗೆಯೇ. 2019ರ ಅಕ್ಟೋಬರ್ ಕೊನೆಯಲ್ಲಿ ‘ಕ್ಯಾರ್’ ದೂರದಲ್ಲಿ ಸಾಗಿದರೂ ನಮ್ಮ ಕರಾವಳಿಯ ಕಡಲು ಉಕ್ಕಿತ್ತು.

ನೋಡಬೇಕಾದದ್ದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಕಡಲಿನ ಮುನ್ಸೂಚನೆ. ಅದರಲ್ಲಿ ಅಲೆಯ ಎತ್ತರಕ್ಕಿಂತ ಅಲೆಗಳ ನಡುವಿನ ಸೆಕೆಂಡುಗಳಿಗೆ ಗಮನ ಕೊಡಿ. ಸ್ಥಳೀಯ ಗಾಳಿಯ ಅಲೆ ಐದಾರು ಸೆಕೆಂಡಿಗೊಂದು ಬರುತ್ತದೆ. ದೂರದಿಂದ ಬಂದದ್ದಾದರೆ 14ರಿಂದ 18 ಸೆಕೆಂಡು. ಎತ್ತರ ಒಂದೇ ಇದ್ದರೂ ಎರಡನೆಯದರಲ್ಲಿ ಕಸುವು ಬಹಳ ಹೆಚ್ಚು, ಒಣ ಮರಳಿನ ಮೇಲೆ ಬಲು ದೂರ ಏರಿಬರುತ್ತದೆ. ಚಪ್ಪಲಿ, ಬ್ಯಾಗು ಕೊಚ್ಚಿಕೊಂಡು ಹೋಗುವುದು, ಅದನ್ನು ಹಿಡಿಯಲು ಓಡಿದವರು ನೀರಿನಲ್ಲಿ ಬೀಳುವುದು ಇಂಥ ದಿನವೇ. ನೀವೇ ಅಳೆಯಬಹುದು: ಒಂದೇ ಜಾಗದಲ್ಲಿ ಒಡೆಯುವ ಹನ್ನೊಂದು ಅಲೆ ಎಣಿಸಿ, ಮೊದಲನೆಯದರಿಂದ ಕೊನೆಯದರವರೆಗಿನ ಸಮಯವನ್ನು ಹತ್ತರಿಂದ ಭಾಗಿಸಿ. ದೊಡ್ಡ ಅಲೆಗಳು ಗುಂಪಾಗಿ ಬಂದು, ನಡುವೆ ಹಲವು ನಿಮಿಷ ಬಿಡುವು ಕೊಡುತ್ತವೆ. ಆ ಬಿಡುವನ್ನೇ ಕಡಲಿನ ಸ್ವಭಾವ ಎಂದುಕೊಂಡರೆ ಮೋಸ ಹೋದಂತೆ.

ಪ್ರಶ್ನೆ: ಉಬ್ಬರ-ಇಳಿತದ ಹೊತ್ತು ಮೊದಲೇ ತಿಳಿಯುವುದು ಹೇಗೆ? — ಮಲ್ಲೇಶ್ವರದ ಓದುಗರು

ಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸು ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಊರಿನ ಮೀನುಗಾರರನ್ನು ಇವತ್ತಿನ ಉಬ್ಬರದ ಹೊತ್ತು ಕೇಳಿಕೊಳ್ಳಿ, ನಾಳೆಗೆ ಸುಮಾರು 50 ನಿಮಿಷ ಸೇರಿಸಿ. ಇಳಿತ ಮುಗಿದು ಮೊದಲ ಗಂಟೆಯಲ್ಲಿ ನೀರು ಏರುವುದೇ ಕಾಣುವುದಿಲ್ಲ, ಮೂರು-ನಾಲ್ಕನೆಯ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಆಗಿಬಿಡುತ್ತದೆ. ಬಂಡೆ ಸುತ್ತಿ ಪಕ್ಕದ ಬೀಚಿಗೆ ನಡೆದುಹೋದವರು ವಾಪಸ್ ದಾರಿಯಿಲ್ಲದೆ ಸಿಕ್ಕಿಕೊಳ್ಳುವುದು ಇದರಿಂದ.

ಪ್ರಶ್ನೆ: ತಲಕಾಡಿನ ಮರಳಿನಲ್ಲಿ ಮಕ್ಕಳು ಹತ್ತಿ ಜಾರಿ ಆಡುತ್ತಾರೆ. ಕಡಲ ದಿಬ್ಬದಲ್ಲಿ ಆಡಿದರೆ ಮಾತ್ರ ಊರವರು ಗದರುತ್ತಾರೆ. ಮರಳು ಮರಳೇ ಅಲ್ಲವೇ? — ಕೆಂಗೇರಿಯ ಓದುಗರು

ಊರವರು ಗದರುವುದಕ್ಕೆ ಕಾರಣ ಇದೆ. ತಲಕಾಡಿನದು ಕಾವೇರಿಯ ಮರಳು. ಅದು ಗಾಳಿಗೆ ಹಾರಿ ಬಂದು ಗುಡಿಗಳನ್ನೇ ಮುಚ್ಚಿತು, ಕೀರ್ತಿನಾರಾಯಣ ದೇಗುಲವನ್ನು ಮರಳು ಬಗೆದೇ ತೆಗೆಯಬೇಕಾಯಿತು. ಅಲ್ಲಿ ಜನರ ತಕರಾರು ಮರಳು ಬಂತೆಂದು. ಕಡಲ ತೀರದಲ್ಲಿ ತಕರಾರು ಮರಳು ಹೋಯಿತೆಂದು.

ಕಡಲ ದಿಬ್ಬ ಆ ತೀರದ ಇಡುಗಂಟು. ಬೇಸಿಗೆಯ ಗಾಳಿ ಒಣ ಮರಳನ್ನು ಹೊತ್ತು ತರುತ್ತದೆ, ಅಡುಂಬು ಬಳ್ಳಿ ಮತ್ತು ರಾವಣನ ಮೀಸೆ ಎನ್ನುವ ಮುಳ್ಳುಹುಲ್ಲು ಅದನ್ನು ತಡೆದು ನಿಲ್ಲಿಸುತ್ತವೆ. ಬಳ್ಳಿಯ ಗೆಣ್ಣುಗೆಣ್ಣಿಗೂ ಬೇರು. ಮರಳು ಮೇಲೆ ಬಿದ್ದಷ್ಟೂ ಅದು ಮೇಲೇರಿ ಹಬ್ಬುತ್ತದೆ, ದಿಬ್ಬ ಬೆಳೆಯುತ್ತದೆ. ಮಳೆಗಾಲದಲ್ಲಿ ಅಲೆ ದಿಬ್ಬದ ಬುಡ ತಿಂದು, ಆ ಮರಳನ್ನು ನೀರಿನಡಿಗೆ ಒಯ್ದು ಏರಿ ಕಟ್ಟುತ್ತದೆ. ಆ ಏರಿಗೆ ತಾಗಿ ಅಲೆಗಳು ದಡಕ್ಕೆ ಬರುವ ಮೊದಲೇ ಒಡೆದು ಕಸುವು ಕಳೆದುಕೊಳ್ಳುತ್ತವೆ. ಮಳೆಗಾಲ ಕಳೆದ ಮೇಲೆ ಅದೇ ಮರಳು ದಡಕ್ಕೆ ವಾಪಸ್. ದಿಬ್ಬ ಅಗೆದು ರೆಸಾರ್ಟಿನ ಕಾಂಪೌಂಡ್ ಕಟ್ಟಿದಲ್ಲಿ ಈ ಹೋಗಿಬರುವ ವ್ಯವಹಾರ ನಿಲ್ಲುತ್ತದೆ. ಆಮೇಲೆ ಕಲ್ಲು ಸುರಿಯುವುದೊಂದೇ ಉಳಿಯುತ್ತದೆ, ಕಲ್ಲಿನ ಮುಂದಿನ ಬೀಚು ಉಳಿಯುವುದಿಲ್ಲ.

ಹತ್ತು ಮಕ್ಕಳು ಒಂದೇ ಕಡೆ ಜಾರಿದರೆ ಬಳ್ಳಿ ಕಿತ್ತು ಬೋಳು ಪಟ್ಟಿ ಆಗುತ್ತದೆ. ಗಾಳಿ ಆ ಗಾಯದಲ್ಲೇ ಕೊರೆದು ಕಣಿವೆ ಮಾಡುತ್ತದೆ, ಮಳೆಗಾಲದಲ್ಲಿ ಕಡಲು ಅಲ್ಲಿಂದಲೇ ಹಿಂದಿನ ತೋಟಕ್ಕೆ ನುಗ್ಗುತ್ತದೆ. ಆದ್ದರಿಂದ ದಿಬ್ಬ ದಾಟಲು ಮೀನುಗಾರರು ತುಳಿದ ದಾರಿಯೊಂದೇ ನಿಮ್ಮದೂ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮರಳು ದಿಬ್ಬಗಳನ್ನು ಅತಿ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿಟ್ಟಿದೆ. ಮಕ್ಕಳು ಆಡಲಿ, ಒದ್ದೆ ಮರಳಿನಲ್ಲಿ ಬೇಕಾದಷ್ಟು ಆಡಲಿ. ಗುಂಡಿ ತೋಡುವುದಾದರೆ ಮಾತ್ರ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಒದ್ದೆ ಮರಳಿನ ಗೋಡೆ ನೆಟ್ಟಗೆ ನಿಂತಿರುತ್ತದೆ, ಬಿಸಿಲಿಗೆ ಒಣಗುತ್ತಿದ್ದಂತೆ ಸದ್ದಿಲ್ಲದೆ ಕುಸಿಯುತ್ತದೆ. ಒಂದು ಘನ ಮೀಟರ್ ಮರಳಿಗೆ ಒಂದೂವರೆ ಟನ್ನಿಗೂ ಹೆಚ್ಚು ತೂಕ. ಹೊರಡುವಾಗ ಗುಂಡಿ ಮುಚ್ಚಿ. ಚಳಿಗಾಲದಲ್ಲಿ ದಿಬ್ಬದ ಬುಡಕ್ಕೆ ಮೊಟ್ಟೆಯಿಡಲು ಕಡಲಾಮೆ ಬರುತ್ತದೆ, ಕಾಸರಕೋಡಿನ ಟೊಂಕ ಇದಕ್ಕೆ ಹೆಸರಾದ ಜಾಗ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ಮರಿಗಳು ಬೆಳಕು ಕಂಡತ್ತ ಹೊರಡುತ್ತವೆ, ಹಾಗಾಗಿ ರಾತ್ರಿ ಟಾರ್ಚು, ಬೆಂಕಿ ಬೇಡ. ಗುಂಡಿಯಲ್ಲಿ ಬಿದ್ದರೆ ಹತ್ತಿ ಬರಲಾರವು.

ಪ್ರಶ್ನೆ: ನನ್ನದು ಎಸ್‌ಯುವಿ. ಬೀಚಿನವರೆಗೂ ಇಳಿಸಬಹುದೇ? — ಯಲಹಂಕದ ಓದುಗರು

ಬೇಡ. ಎತ್ತರದ ಕಾರುಗಳಲ್ಲೂ ಬಹುಪಾಲು ಎರಡೇ ಚಕ್ರಕ್ಕೆ ಎಳೆತ ಇರುವಂಥವು. ದಿಬ್ಬಕ್ಕೂ ಹಾನಿ, ಪೊಲೀಸರ ಕೈಗೆ ಸಿಕ್ಕರೆ ದಂಡ.

ದಾರಿ ತಪ್ಪಿ ಹೂತುಹೋದರೆ ಆಕ್ಸಿಲರೇಟರ್ ಒತ್ತಲೇಬೇಡಿ. ಚಕ್ರ ತಿರುಗಿದಷ್ಟೂ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ, ಕಾರಿನ ಹೊಟ್ಟೆ ಮರಳಿಗೆ ಕೂತರೆ ಟ್ರ್ಯಾಕ್ಟರೇ ಗತಿ. ಎಲ್ಲರೂ ಇಳಿಯಿರಿ. ನಾಲ್ಕೂ ಟೈರಿನ ಗಾಳಿಯನ್ನು 32ರಿಂದ 18 ಪಿಎಸ್‌ಐಗೆ ಇಳಿಸಿ, ಟೈರು ಚಪ್ಪಟೆಯಾಗಿ ಭಾರ ಹರಡಿಕೊಳ್ಳುತ್ತದೆ. ಚಕ್ರದ ಹಿಂದಿನ ಮರಳನ್ನು ಇಳಿಜಾರಾಗಿ ತೆಗೆದು ತೆಂಗಿನ ಮಡಲು ಹಾಸಿ, ಅದಿಲ್ಲದಿದ್ದರೆ ಕಾರಿನ ಮ್ಯಾಟು. ಬಂದ ಗಾಲಿಗುರುತಿನಲ್ಲೇ ರಿವರ್ಸ್ ಗೇರಿನಲ್ಲಿ ನಿಧಾನ ಹಿಂದಕ್ಕೆ. ಚಕ್ರದ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು, ಮಡಲು ಬಾಣದ ಹಾಗೆ ಹಾರುತ್ತದೆ. ಗಾಳಿ ತುಂಬಿಸುವವರೆಗೆ 30ರ ವೇಗ ದಾಟಬೇಡಿ. ಊರಿಗೆ ಬಂದೊಡನೆ ಕಾರಿನ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ.

ಪ್ರಶ್ನೆ: ಸರ್ಫಿಂಗ್ ಕಲಿಯಬೇಕು. ವಯಸ್ಸು 34, ತೂಕ 72 ಕೆ.ಜಿ. ಯಾವಾಗ, ಯಾವ ಬೋರ್ಡು? — ಕೋರಮಂಗಲದ ಓದುಗರು

ಕರ್ನಾಟಕದಲ್ಲಿ ಸರ್ಫಿಂಗ್ ಬೇರೂರಿದ್ದು ಮುಲ್ಕಿಯಲ್ಲಿ. ಇಂಡಿಯನ್ ಓಪನ್ ಸ್ಪರ್ಧೆ ಸಸಿಹಿತ್ಲು, ಪಣಂಬೂರುಗಳಲ್ಲಿ ನಡೆದದ್ದು ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ. ಮುಂಗಾರಿನ ಅಲೆ ಏಳುವ ಹೊತ್ತದು, ಪಳಗಿದವರಿಗೆ ಹಬ್ಬ. ನಿಮ್ಮಂಥ ಹೊಸಬರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಸೊಂಟದೆತ್ತರದ ಅಲೆಯೇ ಸರಿ.

ಬೋರ್ಡು ಎಂಟೂವರೆಯಿಂದ ಒಂಬತ್ತು ಅಡಿಯದು, ಮೇಲ್ಮೈ ಮೆತ್ತಗಿರುವ ಸಾಫ್ಟ್‌ಟಾಪ್. ಚಿಕ್ಕ ಬೋರ್ಡು ನೋಡಲು ಚೆಂದ, ಆದರೆ ನಿಮ್ಮನ್ನು ತೇಲಿಸದು. ಬೋರ್ಡಿಗೆ ಕಟ್ಟಿದ ಲೀಷ್ ಹಗ್ಗ ಹಿಂಗಾಲಿಗೆ. ಹೊರಡುವ ಎರಡು ವಾರ ಮೊದಲೇ ಟೆರೇಸಿನಲ್ಲಿ ಚಾಪೆ ಹಾಸಿ ಅಭ್ಯಾಸ ಮಾಡಿ: ಬೋರಲು ಮಲಗಿ, ಅಂಗೈ ಎದೆಯ ಪಕ್ಕ ಊರಿ, ಒಂದೇ ಸಲಕ್ಕೆ ಎದ್ದು ಒಂದು ಕಾಲು ಮುಂದೆ. ದಿನಕ್ಕೆ ಇಪ್ಪತ್ತು ಸಲ. ಮಂಡಿಯೂರಿ ಏಳುವ ರೂಢಿ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ನೀರಿನಲ್ಲಿ ಮೊದಲ ದಿನವೆಲ್ಲ ಸೊಂಟದಾಳದ ಬಿಳಿ ನೊರೆಯಲ್ಲೇ. ಬೋರ್ಡಿನ ಮೂತಿ ನೀರಿನಿಂದ ಎರಡು ಮೂರು ಇಂಚು ಮೇಲಿರುವ ಹಾಗೆ ಮಲಗಿ. ತೀರಾ ಮುಂದಾದರೆ ಮೂತಿ ಹೂತು ಪಲ್ಟಿ, ತೀರಾ ಹಿಂದಾದರೆ ಅಲೆ ನಿಮ್ಮನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಎದ್ದ ಮೇಲೆ ಕಾಲು ನೋಡಿದಿರೋ ಬಿದ್ದಿರಿ, ಕಣ್ಣು ದಡದ ಮೇಲಿರಲಿ. ಬೋರ್ಡನ್ನು ಯಾವತ್ತೂ ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿಯಬೇಡಿ, ಹಲ್ಲು ಮುರಿಯುವುದು ಅಲ್ಲೇ. ಬೀಳುವಾಗ ಚಪ್ಪಟೆಯಾಗಿ ಬಿದ್ದು, ಮೇಲೇಳುವಾಗ ಎರಡೂ ಕೈ ತಲೆಗೆ ಅಡ್ಡ ಇಡಿ.

ಪ್ರಶ್ನೆ: ಜೊತೆಯವರು ಕೊಚ್ಚಿಹೋಗುತ್ತಿದ್ದರೆ, ಜೀವರಕ್ಷಕರೂ ಇಲ್ಲದಿದ್ದರೆ ಏನು ಮಾಡಬೇಕು? — ಬಸವನಗುಡಿಯ ಓದುಗರು

ಹಿಂದೆಯೇ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಗಳು ಬಹಳ. ಬೆಂಗಳೂರಿನ ಪ್ರತಿ ಮನೆಯಲ್ಲೂ ಇರುವ 20 ಲೀಟರಿನ ನೀರಿನ ಕ್ಯಾನು ಒಂದನ್ನು ಖಾಲಿ ಮಾಡಿ, ಮುಚ್ಚಳ ಬಿಗಿದು, ಕುತ್ತಿಗೆಗೆ 25 ಮೀಟರ್ ನೈಲಾನ್ ಹಗ್ಗ ಕಟ್ಟಿ ಕಾರಿನಲ್ಲಿಟ್ಟುಕೊಳ್ಳಿ. ಅದನ್ನು ಅಪ್ಪಿಕೊಂಡರೆ ದೊಡ್ಡವರ ತಲೆಯೂ ನೀರಿನ ಮೇಲೆ ನಿಲ್ಲುತ್ತದೆ. ಖಾಲಿ ಕ್ಯಾನು ಗಾಳಿಗೆ ತಿರುಗುತ್ತದೆ, ಒಂದು ಲೀಟರ್ ನೀರು ಒಳಗೇ ಉಳಿಸಿದರೆ ಎಸೆತ ನೇರ ಹೋಗುತ್ತದೆ. ಒಬ್ಬರು ಎಸೆಯಲಿ, ಇನ್ನೊಬ್ಬರು ಮುಳುಗುತ್ತಿರುವವರ ಮೇಲಿಂದ ಕಣ್ಣು ತೆಗೆಯದೆ ಬೆರಳು ತೋರುತ್ತ ನಿಲ್ಲಲಿ, ಮೂರನೆಯವರು ಫೋನ್ ಮಾಡಲಿ: 112, ಕರಾವಳಿ ಕಾವಲು ಪೊಲೀಸರ 1093, ಆಂಬುಲೆನ್ಸಿಗೆ 108. ಹತ್ತಿರದಲ್ಲಿ ದೋಣಿಯವರಿದ್ದರೆ ಮೊದಲು ಅವರನ್ನೇ ಕೂಗಿ.

ಮೇಲೆ ತಂದಾಗ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ಕಕ್ಕಿಸಲು ಹೋಗಬೇಡಿ. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತು, ಎರಡು ಉಸಿರು, ಆಂಬುಲೆನ್ಸ್ ಬರುವವರೆಗೂ ಹೀಗೆಯೇ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಪ್ರಶ್ನೆ: ನೀರಿನಲ್ಲಿ ಏನೋ ಚುಚ್ಚಿದರೆ? — ಬನಶಂಕರಿಯ ಓದುಗರು

ಜೆಲ್ಲಿ ಮೀನಾದರೆ ಗೆರೆಗೆರೆಯಾಗಿ ಉರಿ. ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮದ ಮೇಲೆ ಉಳಿದ ವಿಷದ ಕೋಶಗಳು ಸಿಡಿದು ಉರಿ ಹೆಚ್ಚುತ್ತದೆ. ಮರಳು ಹಾಕಿ ಉಜ್ಜುವುದು, ಮೂತ್ರ ಹಾಕುವುದು ಎರಡೂ ತಪ್ಪು. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು (ಸ್ಟಿಂಗ್‌ರೇ) ಹೊಡೆದರೆ ಪಾದದಲ್ಲಿ ಆಳ ಗಾಯ, ತಡೆಯಲಾರದ ನೋವು. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ, ಅಂದರೆ 40ರಿಂದ 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಪಾದ ಇಳಿಬಿಡಬೇಕು. ಬಿಸಿಯನ್ನು ಮೊದಲು ಬೇರೆಯವರ ಕೈಯಲ್ಲಿ ನೋಡಿಕೊಳ್ಳಿ, ನೋವಿನಲ್ಲಿರುವವರಿಗೆ ಸುಡುವುದು ತಿಳಿಯದು. ತೊರಕೆ ಮರಳಿನಲ್ಲಿ ಹೂತು ಮಲಗಿರುತ್ತದೆ. ಹೆಜ್ಜೆ ಎತ್ತಿಡದೆ ಪಾದ ಎಳೆಯುತ್ತ ನಡೆದರೆ ತಾನೇ ಎದ್ದು ಹೋಗುತ್ತದೆ. ಮುಳ್ಳಿನ ಚೂರು ಒಳಗೆ ಮುರಿದಿರಬಹುದು, ಟಿಟಿ ಚುಚ್ಚುಮದ್ದೂ ಬೇಕು. ಬೆಂಗಳೂರಿಗೆ ಬಂದು ತೋರಿಸೋಣ ಎನ್ನದೆ ಅಲ್ಲಿಯದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.